ಲೈಡನ್ನಿನ ಎಣ್ಣೆಸ್ನಾನ

ಆ ಮನೆಯನ್ನು ಹುಡುಕಿದವಳು ಅಕ್ಕನೇ. ಲೈಡನ್ನಿನ ಹಳೆಯ ಪೇಟೆಯಲ್ಲಿ, ಕಾಲುವೆಯ ದಡಕ್ಕೆ ಭುಜ ತಾಗಿಸಿ ನಿಂತ ಮನೆಗಳ ಸಾಲಿನಲ್ಲಿ, ಒಂದರ ಮೇಲಂತಸ್ತು. ಫೋಟೋದಲ್ಲಿ ಮರದ ದಪ್ಪ ತೊಲೆಗಳು, ಕಿಟಕಿಯಾಚೆ ಒಂದು ಕಮಾನು ಸೇತುವೆ, ಮೇಜಿನ ಮೇಲೆ ಯಾರೋ ಇಟ್ಟ ಹಸಿರು ಸೇಬುಗಳು. ಅವಳು ಸಾವಿನ ಹೊಸ್ತಿಲವರೆಗೆ ಹೋಗಿ ಬಂದದ್ದು ಆ ಮನೆಯಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ರಜೆಯ ಬಗ್ಗೆ ಬೇರೆ ಯಾವ ತುದಿಯಿಂದ ಶುರುಮಾಡಿದರೂ ನನ್ನ ಮನಸ್ಸು ನೇರ ಅಲ್ಲಿನ ಬಚ್ಚಲ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಕೊರೊನಾದ ಎರಡನೆಯ ವರ್ಷ. ಅಕ್ಕ, ಭಾವ ಇಬ್ಬರೂ ಆಮ್ಸ್ಟರ್‌ಡ್ಯಾಮಿನ ಫ್ಲ್ಯಾಟಿನಲ್ಲಿ ಒಂದೇ ಊಟದ ಮೇಜಿನ ಎರಡು ತುದಿಗಳಲ್ಲಿ ಕೂತು ಕಚೇರಿ ಕೆಲಸ ಮಾಡುತ್ತಿದ್ದರು. ನಾನು ದೇಶದ ಇನ್ನೊಂದು ಅಂಚಿನಲ್ಲಿ, ಎನ್ಸ್‌ಕೆಡೆಯ ವಿಶ್ವವಿದ್ಯಾಲಯದಲ್ಲಿ, ಪ್ರವಾಹದ ನೀರಿನ ಲೆಕ್ಕಾಚಾರದ ಮೇಲೆ ಸಂಶೋಧನೆ ನಡೆಸುತ್ತಿದ್ದೆ. ಮೊದಲ ವರ್ಷವೇ ಅಕ್ಕನಿಗೆ ಕೊರೊನಾ ಬಂದು ಹೋಗಿತ್ತು. ಜ್ವರ ಬೇಗ ಇಳಿಯಿತು, ಆದರೆ ವಾಸನೆ ಹಲವು ತಿಂಗಳು ಮರಳಲಿಲ್ಲ. ಒಗ್ಗರಣೆ ಸೀದುಹೋದದ್ದು ಅವಳಿಗೆ ಹೊಗೆ ಕಂಡ ಮೇಲೆ ಗೊತ್ತಾಗುತ್ತಿತ್ತು. ಅಲ್ಲಿಂದ ಮುಂದೆ ಅವಳು ಬೇರೆ ಯಾವ ಸೂರಿನ ಕೆಳಗೂ ಮಲಗಿರಲಿಲ್ಲ. ಆ ಶರತ್ಕಾಲದಲ್ಲಿ ನಿರ್ಬಂಧಗಳು ಸ್ವಲ್ಪ ಸಡಿಲವಾದಾಗ, "ದೀಪಾವಳಿಗೆ ಎಲ್ಲಾದ್ರೂ ಹೋಗ್ಲೇಬೇಕು, ಇಲ್ಲಾಂದ್ರೆ ಈ ಗೋಡೆ ಜೊತೆ ಮಾತಾಡೋಕೆ ಶುರು ಮಾಡ್ತೀನಿ" ಎಂದು ಹಟ ಹಿಡಿದಳು.

ಬೆಲ್ಜಿಯಂ ಎಂದು ಮೊದಲು ಮಾತಾಯಿತು. ಗಡಿ ದಾಟಿದ ಮೇಲೆ ನಿಯಮ ಬದಲಾದರೆ? ಭಾವನದು ಆ ಭಯ. ಮಾಸ್ಟ್ರಿಕ್ಟ್ ಎಂದಾಯಿತು. ಅಷ್ಟು ಹೊತ್ತು ರೈಲಿನಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೋ! ಹಾಗೆ ಸಣ್ಣದಾಗುತ್ತ ಸಣ್ಣದಾಗುತ್ತ ಪ್ರವಾಸ ಲೈಡನ್ನಿಗೆ ಬಂದು ನಿಂತಿತು. ಅವರ ಮನೆಯಿಂದ ಅರ್ಧ ಗಂಟೆಯ ದಾರಿ.

"ಅರ್ಧ ಗಂಟೆಯ ಊರಿಗೆ ನಾಲ್ಕು ದಿನದ ಟ್ರಿಪ್ಪಾ?" ಎಂದರು ಭಾವ. "ಇದು ಮಲ್ಪೆಯವರು ಉಡುಪಿಗೆ ಟೂರ್ ಹೋದ ಹಾಗಾಯ್ತು ಮಾರಾಯ್ತಿ."

"ಸುಮ್ನಿರ್ರೀ. ನಿಮ್ಗೆ ಅಡುಗೆಮನೆಯಿಂದ ಹಾಲಿಗೆ ಬಂದ್ರೂ ಕ್ವಾರಂಟೈನ್ ಬೇಕು."

ಭಾವನನ್ನು ಹಂಗಿಸುವುದು ಸುಲಭ. ಅವರ ಬೆನ್ನ ಚೀಲದಲ್ಲಿ ಮನೆಯಲ್ಲೇ ಮಾಡಿಕೊಳ್ಳುವ ಟೆಸ್ಟಿನ ಡಬ್ಬಿಗಳು, ಥರ್ಮಾಮೀಟರು, ಬೆರಳಿಗೆ ಸಿಕ್ಕಿಸಿ ಆಮ್ಲಜನಕ ನೋಡುವ ಆಕ್ಸಿಮೀಟರು ಯಾವಾಗಲೂ ಇರುತ್ತಿದ್ದವು. ಉಡುಪಿಯಲ್ಲಿ ಅವರ ಜೊತೆ ಓದಿದ ಗೆಳೆಯನೊಬ್ಬ ಎರಡನೆಯ ಅಲೆಯಲ್ಲಿ, ಆಕ್ಸಿಮೀಟರಿನ ಅಂಕಿ ಇಳಿಯುತ್ತಿದ್ದುದನ್ನು ಯಾರೂ ಗಮನಿಸದೆ ತೀರಿಕೊಂಡಿದ್ದ. ಆ ಮೇಲೆ ಅವರು ಆ ಪುಟ್ಟ ಯಂತ್ರವನ್ನು ಬಿಟ್ಟು ಎಲ್ಲಿಗೂ ಹೋದವರಲ್ಲ. ಅದರ ಬಗ್ಗೆ ನಾವು ತಮಾಷೆ ಮಾಡುತ್ತಿದ್ದೆವು, ಆದರೆ ಅವರು ಬೆರಳು ಕೇಳಿದಾಗ ಬೆರಳು ಕೊಡುತ್ತಿದ್ದೆವು.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾವು ಮೂವರೂ ಲೈಡನ್ನಿನ ನಿಲ್ದಾಣದಲ್ಲಿ ಸೇರಿದೆವು. ಆ ದಿನದ ಉಳಿದ ಹೊತ್ತು ಚೆನ್ನಾಗಿತ್ತು. ಅದು ಚೆನ್ನಾಗಿತ್ತು ಎನ್ನುವುದು ನನಗೆ ಈಗ ಬೇರೆ ಯಾರದೋ ಬದುಕಿನ ಸಂಗತಿಯಂತೆ ಕಾಣುತ್ತದೆ. ಊರಿನ ನಡುವಿನ ದಿಬ್ಬದ ಮೇಲಿನ ದುಂಡು ಕೋಟೆಗೆ ಹತ್ತಿದೆವು. ಹೆಂಚಿನ ಮಾಡುಗಳು, ಚರ್ಚಿನ ಗೋಪುರ, ಎಲೆ ಉದುರಿಸುತ್ತಿದ್ದ ಲಿಂಡೆನ್ ಮರಗಳು. ಈ ಊರಿನಲ್ಲಿ ಮನೆಗಳ ಗೋಡೆಯ ಮೇಲೆ ಬೇರೆ ಬೇರೆ ಭಾಷೆಯ ಕವಿತೆಗಳನ್ನು ದೊಡ್ಡದಾಗಿ ಬರೆದಿರುತ್ತಾರೆ. ಅಕ್ಕ ಪ್ರತಿ ಗೋಡೆಯ ಮುಂದೆಯೂ ನಿಂತು ಕನ್ನಡ ಇದೆಯೋ ಎಂದು ಹುಡುಕಿದಳು. ಮಾರುಕಟ್ಟೆಯ ಹತ್ತಿರ ಬಿಸಿ ಸ್ಟ್ರೋಪ್‌ವಾಫೆಲ್ ಬಿಸ್ಕತ್ತು ತಿಂದಳು. ಬೆಲ್ಲದ ಪಾಕದಂಥ ಅದರ ಪರಿಮಳ ತನಗೆ ಪೂರ್ತಿ ಬರುತ್ತಿದೆಯೆಂದು ಎರಡು ಸಲ ಹೇಳಿದಳು.

ಮನೆಯ ಮೆಟ್ಟಿಲು ಇಲ್ಲಿನ ಹಳೆಯ ಮನೆಗಳ ಮೆಟ್ಟಿಲಿನಂತೆಯೇ ಏಣಿಯಷ್ಟು ಕಡಿದು. ಮೇಲೆ ಒಂದು ಮಲಗುವ ಕೋಣೆ, ಸೋಫಾ ಇದ್ದ ಒಂದು ಕೋಣೆ, ಹಿಂದೆ ಅಡುಗೆಮನೆ. ಆ ಅಡುಗೆಮನೆಯ ಮೂಲೆಯಲ್ಲಿಯೇ ಹಲಗೆಯ ಅಡ್ಡಗೋಡೆ ಹಾಕಿ ಬಚ್ಚಲು ಮಾಡಿದ್ದರು. ಹಲಗೆ ಮಾಡಿನವರೆಗೂ ಹೋಗಿರಲಿಲ್ಲ, ಮೇಲೆ ಮೊಳದಷ್ಟು ಜಾಗ ತೆರೆದೇ ಇತ್ತು. ಒಲೆಯ ಪಕ್ಕದ ಗೋಡೆಗೆ ಒಂದು ಹಳೆಯ ಗ್ಯಾಸ್ ಗೀಸರ್. ಬಿಳಿ ತಗಡಿನ ಡಬ್ಬ, ಮುಂದೆ ಒಂದು ಕಿಂಡಿ, ಕಿಂಡಿಯೊಳಗೆ ಸದಾ ಉರಿಯುವ ಒಂದು ಪುಟ್ಟ ಜ್ವಾಲೆ. ನಲ್ಲಿ ತಿರುಗಿಸಿದರೆ ಭುಸ್ಸೆಂದು ಪೂರ್ತಿ ಹೊತ್ತಿಕೊಳ್ಳುತ್ತಿತ್ತು. ಇಂಥದ್ದನ್ನು ಈ ದೇಶದಲ್ಲಿ ನಾನು ಅದುವರೆಗೆ ನೋಡಿರಲಿಲ್ಲ. ಹೊಸ ಮನೆಗಳಲ್ಲಿ ಇವು ಇಲ್ಲ.

ಅಕ್ಕನಿಗೆ ಅದನ್ನು ಕಂಡು ಖುಷಿಯೋ ಖುಷಿ. ಅಂದು ನೀರು ತುಂಬುವ ಹಬ್ಬ. ಚತುರ್ದಶಿಯ ಹಿಂದಿನ ಸಂಜೆ ಬಚ್ಚಲ ಹಂಡೆಯನ್ನು ತೊಳೆದು, ನೀರು ತುಂಬಿ, ಹೂವು ಏರಿಸಿ, ಮರುದಿನ ಬೆಳಕು ಹರಿಯುವ ಮೊದಲು ಎಣ್ಣೆ ಹಚ್ಚಿಕೊಂಡು ಮೀಯುವುದು. ಆಮ್ಸ್ಟರ್‌ಡ್ಯಾಮಿನ ಫ್ಲ್ಯಾಟಿನಲ್ಲಿ ಬಿಸಿನೀರು ಎಲ್ಲಿಂದ ಬರುತ್ತದೆಂದೇ ಕಾಣುವುದಿಲ್ಲ, ಹೂವು ಏರಿಸಲು ಒಂದು ಜಾಗವೇ ಇಲ್ಲ ಎಂದು ಅವಳು ಪ್ರತಿ ವರ್ಷ ಗೊಣಗುತ್ತಿದ್ದಳು. ಇಲ್ಲಿ ಕಣ್ಣೆದುರೇ ಉರಿ, ಕಣ್ಣೆದುರೇ ನೀರು. ಗೀಸರಿನ ಹೊಟ್ಟೆಗೆ ಕುಂಕುಮ ಇಟ್ಟು, ಸೂಪರ್‌ಮಾರ್ಕೆಟ್ಟಿನಿಂದ ತಂದ ಸೇವಂತಿಗೆಯನ್ನು ದಾರದಲ್ಲಿ ಕಟ್ಟಿ ಅದರ ಕೊಳವೆಗೆ ಸುತ್ತಿದಳು.

"ಎಂತ ಇದು, ಗೀಸರಿಗೆ ಮದುವೆಯಾ?" ಎಂದರು ಭಾವ.

"ಹಂಡೆ ಎಲ್ಲಿಂದ ತರ್ಲಿ? ನಾಳೆ ನಿಮ್ಗೆ ಬಿಸಿನೀರು ಕೊಡೋದು ಇದೇ ತಾನೇ. ಕೈ ಮುಗೀರಿ."

ಭಾವ ನಗುತ್ತಲೇ ಕೈ ಮುಗಿದರು.

ಅಡುಗೆಮನೆಯ ಕಿಟಕಿಯ ಮೇಲೆ ಗಾಳಿಗೆಂದು ಒಂದು ಉದ್ದ ಜಾಲರಿ ಇತ್ತು. ಅದನ್ನು ಮುಚ್ಚುವ ಹಿಡಿಯನ್ನು ಯಾರೋ ಬೇಕೆಂದೇ ತೆಗೆದುಹಾಕಿದ್ದರು. ಕಾಲುವೆಯ ಮೇಲಿಂದ ಬರುವ ನವೆಂಬರಿನ ಗಾಳಿ ಅದರಿಂದ ನೇರ ಬಚ್ಚಲೊಳಕ್ಕೆ ಇಳಿಯುತ್ತಿತ್ತು. ಅಡುಗೆಮನೆಯ ಬಾಗಿಲ ಕೆಳಗಿನ ಸಂದಿಯಿಂದಲೂ ಗಾಳಿ. ಅಕ್ಕ ಜಾಲರಿಯ ಕೆಳಗೆ ಕೈ ಹಿಡಿದು ನಿಂತಳು.

"ಎಣ್ಣೆ ಮೈಗೆ ಈ ಗಾಳಿ ಬಡಿದ್ರೆ ನಾಳೆ ಮೂರು ಜನಾನೂ ಸೀನ್ತೀವಿ."

"ಸೀನಿದ್ರೆ ಕತೆ ಮುಗೀತು," ಎಂದರು ಭಾವ. "ಟ್ರೈನಲ್ಲಿ ಒಂದು ಸೀನು ಬಂದ್ರೆ ಡಬ್ಬಿ ಪೂರ್ತಿ ತಿರುಗಿ ನೋಡ್ತದೆ."

ನಮ್ಮಲ್ಲಿ ಎಣ್ಣೆಸ್ನಾನ ಮಾಡಿದವರನ್ನು ಗಾಳಿಗೆ ಬಿಡುವುದಿಲ್ಲ. ತಲೆಗೆ ಬಟ್ಟೆ ಸುತ್ತಿ, ಹೊದಿಸಿ ಮಲಗಿಸುತ್ತಾರೆ. ಅದರ ಮೇಲೆ ಆ ವರ್ಷ ನೆಗಡಿ ಎಂದರೆ ಬರಿಯ ನೆಗಡಿಯಾಗಿರಲಿಲ್ಲ. ಮೂಗು ಸೋರಿದರೆ ಹೊರಗೆ ಕಾಲಿಡುವಂತಿಲ್ಲ, ರಜೆ ಅಲ್ಲಿಗೇ ಮುಗಿಯುತ್ತದೆ. ಭಾವ ಡ್ರಾಯರಿನಲ್ಲಿ ಸಿಕ್ಕ ಅಗಲದ ಟೇಪು ತೆಗೆದುಕೊಂಡು ಕುರ್ಚಿ ಹತ್ತಿದರು. ನಾನು ಕುರ್ಚಿ ಹಿಡಿದೆ. ಅಕ್ಕ ಹಳೆಯ ಟವೆಲೊಂದನ್ನು ಮಡಿಸಿ ಕೊಟ್ಟಳು. ಜಾಲರಿ ಮುಚ್ಚಿತು. ಇನ್ನೊಂದು ಟವೆಲು ಬಾಗಿಲ ಸಂದಿಗೆ. ಅಡುಗೆಮನೆ ಆ ಕ್ಷಣವೇ ಬೆಚ್ಚಗಾದಂತೆ ಅನ್ನಿಸಿತು. ಎರಡು ವರ್ಷಗಳಿಂದ ಈ ದೇಶದ ಸರ್ಕಾರ ಟೀವಿಯಲ್ಲಿ, ಬಸ್ಸಿನಲ್ಲಿ, ಕಚೇರಿಯ ಲಿಫ್ಟಿನಲ್ಲಿ, ಮನೆಯೊಳಗೆ ಗಾಳಿಯಾಡಲು ಬಿಡಿ ಎಂದು ಹೇಳುತ್ತಲೇ ಇತ್ತು. ಅದು ವೈರಸ್ಸಿನ ಮಾತು, ನಮ್ಮ ಮೂವರ ನಡುವೆ ಅದರ ಅಗತ್ಯವಿಲ್ಲ ಎಂದು ನಮಗೆ ಅನ್ನಿಸಿರಬೇಕು. ಹಾಗೆ ಯೋಚಿಸಿದ್ದೂ ನೆನಪಿಲ್ಲ.

ಮರುದಿನ ಕಿಟಕಿಯಾಚೆ ಇನ್ನೂ ಕಪ್ಪಿರುವಾಗಲೇ ಅಕ್ಕ ಎಬ್ಬಿಸಿದಳು. ಬಾಣಲೆಯಲ್ಲಿ ಎಳ್ಳೆಣ್ಣೆ ಬೆಚ್ಚಗೆ ಮಾಡಿದ್ದಳು. ಮೊದಲು ಭಾವನನ್ನು, ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಿರಂಜೀವಿಗಳ ಹೆಸರು ಹೇಳುತ್ತ ನೆತ್ತಿಗೆ ಎಣ್ಣೆ ಒತ್ತಿದಳು.

"ಮೆಲ್ಲ ಮಾರಾಯ್ತಿ, ಇರೋ ನಾಲ್ಕು ಕೂದಲೂ ನಿನ್ನ ಕೈಗೇ ಬರ್ತದೆ."

"ನಾಲ್ಕಲ್ಲ, ಮೂರು. ನಾನು ಎಣಿಸಿದೀನಿ."

ಭಾವ ಮೊದಲು ಮಿಂದರು. ಅವರು ಬಿಸಿನೀರಿನ ಕೆಳಗೆ ನಿಂತರೆ ಬೇಗ ಹೊರಗೆ ಬರುವವರಲ್ಲ. ಆಮೇಲೆ ನಾನು. ಹಲಗೆಯ ಮೇಲಿನ ತೆರೆದ ಜಾಗದಿಂದ ಗೀಸರಿನ ಹೊಗರು ಬೆಳಕು ಕಾಣುತ್ತಿತ್ತು, ಕಿಟಕಿಯ ಗಾಜಿನ ಮೇಲೆ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಆ ಬೆಳಕು ಹಿಂದಿನ ಸಂಜೆ ನೀಲಿಯಾಗಿತ್ತು. ಅಂದು ಬೆಳಿಗ್ಗೆ ಹಳದಿಯಾಗಿತ್ತು. ನಾನು ಅದನ್ನು ನೋಡಿದೆ, ನೋಡಿದ್ದು ಖಂಡಿತ. ದೀಪದ ಬಣ್ಣದ ಹಾಗಿದೆ ಅನ್ನಿಸಿತು, ಅಷ್ಟೇ.

ಮಿಂದು ಬಂದು ಸೋಫಾದ ಮೇಲೆ ಹೊದ್ದುಕೊಂಡು ಬಿದ್ದೆ. ಕೈಕಾಲು ಭಾರ, ಕಣ್ಣು ತಾನೇ ಮುಚ್ಚುತ್ತಿತ್ತು. ಊರಿನಿಂದ ಅಮ್ಮನ ವೀಡಿಯೊ ಕರೆ ಬಂತು.

"ಆಯ್ತೇನೇ ಎಣ್ಣೆ ನೀರು?"

"ಆಯ್ತಮ್ಮ. ಅಕ್ಕ ಒಳಗಿದಾಳೆ. ನಂಗೆ ಒಂಥರಾ ಜೋಂಪು."

"ಎಣ್ಣೆ ಇಳೀತಾ ಇದೆ. ಹೊದ್ದು ಮಲ್ಕೋ, ಗಾಳೀಲಿ ಓಡಾಡ್ಬೇಡ."

ಅಮ್ಮನ ತಪ್ಪೇನಿಲ್ಲ. ಪ್ರತಿ ಎಣ್ಣೆಸ್ನಾನದ ನಂತರವೂ ಅಮ್ಮ ಹೇಳಿದ ಮಾತು ಅದು. ಪ್ರತಿ ಸಲವೂ ಹಾಗೆಯೇ ಜೋಂಪು ಹತ್ತಿ, ಎದ್ದಾಗ ಮೈ ಹಗುರವಾಗಿರುತ್ತಿತ್ತು.

ಅಕ್ಕ ಹೊರಗೆ ಬಂದವಳೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಣ್ಣು ಕತ್ತಲೆ ಬಂದ ಹಾಗಾಯ್ತು ಎಂದಳು. ಮಲಗುವ ಕೋಣೆಗೆ ಹೋಗುವಷ್ಟರಲ್ಲಿ ಹೊಟ್ಟೆ ತೊಳಸಿ ಸಿಂಕಿನಲ್ಲಿ ವಾಂತಿ ಮಾಡಿಕೊಂಡಳು. ಆಗ ಭಾವ ತಮಗೂ ಹಣೆ ಸಿಡಿಯುತ್ತಿದೆ ಎಂದು ಬಾಯಿ ಬಿಟ್ಟರು. ನನಗೂ ಸಿಡಿಯುತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಯಾರೂ ಆ ಪದ ಹೇಳಲಿಲ್ಲ. ಭಾವ ಚೀಲದ ಜಿಪ್ಪು ಎಳೆದರು.

ಆಮೇಲೆ ನಡೆದದ್ದು ಆ ವರ್ಷಗಳಲ್ಲಿ ಪ್ರತಿ ಮನೆಯಲ್ಲೂ ನಡೆದ ಪೂಜೆ. ಮಾಸ್ಕು ಹಾಕಿಕೊಂಡೆವು. ಮೂಗಿಗೆ ಕಡ್ಡಿ ಹಾಕಿ ತಿರುಗಿಸಿದೆವು. ಮೂರು ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು, ಎರಡನೆಯ ಗೆರೆ ಮೂಡುತ್ತದೆಯೋ ಎಂದು ಬಗ್ಗಿ ನೋಡಿದೆವು. ಮೂಡಲಿಲ್ಲ. ಭಾವ ಕಾಫಿಪುಡಿಯ ಪೊಟ್ಟಣ ತಂದು ಅಕ್ಕನ ಮೂಗಿಗೆ ಹಿಡಿದರು.

"ವಾಸನೆ ಬರ್ತದಾ?"

"ಬರ್ತಿದೆ. ನಿಮ್ ಕೈಯಿಂದ ಎಳ್ಳೆಣ್ಣೆ ವಾಸ್ನೇನೂ ಬರ್ತಿದೆ."

ಕೊನೆಗೆ ಆಕ್ಸಿಮೀಟರು. ಅಕ್ಕನ ತೋರುಬೆರಳಿನ ಮೇಲೆ ಕೆಂಪು ಬೆಳಕು ಮಿನುಗಿ, ಅಂಕಿ ಏರುತ್ತ ಹೋಗಿ ತೊಂಬತ್ತೆಂಟರಲ್ಲಿ ನಿಂತಿತು. ಭಾವ ಅದನ್ನು ನನಗೆ ತೋರಿಸಿದರು. ಅವರ ಭುಜ ಸಡಿಲವಾದದ್ದು ನನಗೆ ಕಾಣಿಸಿತು. ತೊಂಬತ್ತೆಂಟು! ಗೆಳೆಯನ ವಿಷಯದಲ್ಲಿ ಯಾರೂ ನೋಡದೆ ಹೋದ ಅಂಕಿಯನ್ನು ಅವರು ಈ ಸಲ ನೋಡಿದ್ದರು. ಅದು ಚೆನ್ನಾಗಿತ್ತು. ಆ ಯಂತ್ರಕ್ಕೆ ಪ್ರಾಣವಾಯುವೂ ವಿಷದ ಅನಿಲವೂ ರಕ್ತದಲ್ಲಿ ಒಂದೇ ಕೆಂಪಾಗಿ ಕಾಣುತ್ತವೆ ಎಂದು ಆಸ್ಪತ್ರೆಯಲ್ಲಿ ನರ್ಸ್ ಹೇಳುವವರೆಗೆ ನಮಗೆ ಗೊತ್ತಿರಲಿಲ್ಲ.

"ಖಾಲಿ ಹೊಟ್ಟೇಲಿ ಎಣ್ಣೆ ನೀರು ಹಾಕ್ಕೊಂಡ್ರೆ ಹೀಗೇ," ಎಂದಳು ಅಕ್ಕ. "ಏನಾದ್ರೂ ತಿನ್ನೋಕೆ ತನ್ನಿ. ಬ್ರೆಡ್ಡು, ಪ್ಯಾರಾಸಿಟಮಾಲ್. ನನ್ ಕೂದ್ಲು ನೋಡು, ಇನ್ನೂ ಜಿಡ್ಡು ಜಿಡ್ಡು. ಅಷ್ಟರಲ್ಲಿ ಇನ್ನೊಂದ್ಸಲ ಸೀಗೆಪುಡಿ ಹಾಕಿ ತೊಳ್ಕೊಂಬಿಡ್ತೀನಿ."

"ಮಲಗು ಮೊದಲು," ಎಂದರು ಭಾವ.

"ಈ ತಲೇಲಿ ಮಲಗಿದ್ರೆ ಓನರ್ ದಿಂಬಿನ ದುಡ್ಡೂ ಕೇಳ್ತಾನೆ. ಹೋಗಿ ಬನ್ನಿ. ಕೀ ತಗೊಂಡ್ಹೋಗಿ, ನಾನು ಒದ್ದೆ ತಲೇಲಿ ಬಾಗಿಲು ತೆಗ್ಯೋಕೆ ಬರಲ್ಲ."

ನಾವು ಮೆಟ್ಟಿಲಿಳಿಯುತ್ತಿದ್ದಾಗ ಮೇಲೆ ಗೀಸರು ಭುಸ್ಸೆಂದದ್ದು ಕೇಳಿಸಿತು. ಈ ಶಬ್ದವನ್ನು ನಾನು ಎಷ್ಟು ಸಲ ಮತ್ತೆ ಕೇಳಿದ್ದೇನೆಂದರೆ, ಅಂದು ನಿಜಕ್ಕೂ ಕೇಳಿಸಿತ್ತೋ, ನಂತರ ನಾನೇ ಸೇರಿಸಿಕೊಂಡೆನೋ ಎಂದು ಒಮ್ಮೊಮ್ಮೆ ಸಂಶಯವಾಗುತ್ತದೆ. ಭಾವ ಮಾತ್ರ, ಕೇಳಿಸಿತ್ತು ಎನ್ನುತ್ತಾರೆ.

ಹೊರಗೆ ಆಗಷ್ಟೇ ಬೆಳಕಾಗಿತ್ತು. ಹೆಂಗಸೊಬ್ಬಳು ಸೈಕಲ್ಲಿನ ಮುಂದಿನ ಪೆಟ್ಟಿಗೆಯಲ್ಲಿ ಎರಡು ಮಕ್ಕಳನ್ನು ಕೂರಿಸಿಕೊಂಡು ಸೇತುವೆ ಹತ್ತುತ್ತಿದ್ದಳು. ಔಷಧಿ, ಸೋಪು ಮಾರುವ ಅಂಗಡಿ ಇನ್ನೂ ತೆರೆದಿರಲಿಲ್ಲ. ಬೇಕರಿಯಲ್ಲಿ ಬ್ರೆಡ್ಡೂ ಎರಡು ಬನ್ನೂ ಕೊಂಡು, ಸೇತುವೆಯ ಕಟ್ಟೆಗೆ ಒರಗಿ ಕಾದೆವು. ಭಾವ ಮಾಸ್ಕು ಗಲ್ಲಕ್ಕೆ ಇಳಿಸಿ ಬನ್ನು ಕಚ್ಚಿದರು. ಚಳಿಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ನಾನು ಅಮ್ಮನ ಮಾತು ಮೀರಿ ಒದ್ದೆ ತಲೆಯಲ್ಲಿ ಅದರೆದುರು ನಿಂತಿದ್ದೆ, ಬಹಳ ಹಿತವಾಗಿತ್ತು.

"ಬನ್ನು ತಿಂದದ್ದೇ ತಿಂದದ್ದು, ನನ್ನ ತಲೆನೋವು ಇಳೀತು ನೋಡು," ಎಂದರು ಭಾವ. "ನಿನ್ನ ಅಕ್ಕ ಹೇಳಿದ್ದು ಸರಿ. ಹೊಟ್ಟೆ ಖಾಲಿ ಇದ್ದದ್ದೇ."

"ನಂಗೂ ಹೋಯ್ತು ಭಾವ," ಎಂದೆ.

ನನ್ನ ಬನ್ನು ಇನ್ನೂ ಕಾಗದದಲ್ಲಿ ಸುತ್ತಿದ ಹಾಗೆಯೇ ಕೈಯಲ್ಲಿತ್ತು.

ನಾನು ತಿಂದಿರಲಿಲ್ಲ. ಆದರೂ ಹೋಗಿತ್ತು. ಇಬ್ಬರಿಗೂ, ಒಂದೇ ಸಲ, ಮನೆಯಿಂದ ಹೊರಗೆ ಬಂದ ಮೇಲೆ. ಅಲ್ಲಿ ನಿಂತು ನನಗೆ ನೆನಪಾದದ್ದು ಯಾವ ಪಾಠವೂ ಅಲ್ಲ. ಕನ್ನಡ ಪತ್ರಿಕೆಗಳ ಒಳಪುಟದಲ್ಲಿ, ಚಳಿಗಾಲ ಬಂತೆಂದರೆ ಎಲ್ಲೋ ಮೂಲೆಯಲ್ಲಿ ಇರುತ್ತಿದ್ದ ಸಣ್ಣ ಸುದ್ದಿ. ಬೆಂಗಳೂರಿನ ಯಾವುದೋ ಬಡಾವಣೆ, ಬಾಡಿಗೆ ಮನೆ, ಬಚ್ಚಲು, ಗ್ಯಾಸ್ ಗೀಸರ್, ಕಿಟಕಿ ಮುಚ್ಚಿತ್ತು, ಬಾಗಿಲು ಒಡೆದು ನೋಡಿದಾಗ. ಕಾಲೇಜಿನ ದಿನಗಳಲ್ಲಿ ಪೀಜಿಯ ಆಂಟಿ ಬಚ್ಚಲ ಕಿಟಕಿ ಮುಚ್ಚಿದವರಿಗೆ ಬೈಯುತ್ತಿದ್ದುದು ಇದಕ್ಕೇ. ಗಾಳಿ ಸಾಲದ ಉರಿ ವಾಸನೆಯೇ ಇಲ್ಲದ ವಿಷ ಕಾರುತ್ತದೆ. ಇದು ನಮಗೆ ಗೊತ್ತಿರದ ಸಂಗತಿಯೇ ಅಲ್ಲ. ಬೆಂಗಳೂರಿನಲ್ಲಾಗಿದ್ದರೆ ಗೀಸರಿರುವ ಜಾಗಕ್ಕೆ ಟೇಪು ಹಚ್ಚುವ ಮೊದಲು ಯಾರಾದರೊಬ್ಬರು "ಬೇಡ" ಎನ್ನುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಯಾರೋ ಬಂದು ತಪಾಸಣೆ ಮಾಡಿಟ್ಟಿರುತ್ತಾರೆ ಎಂಬ ನಂಬಿಕೆಯಲ್ಲಿ ಆ ತಿಳಿವಳಿಕೆಯನ್ನು ವಿಮಾನ ಹತ್ತುವಾಗಲೇ ಬಿಟ್ಟು ಬಂದಿದ್ದೆವು.

"ಭಾವ, ಗೀಸರ್," ಎಂದೆ.

"ಎಂತ ಗೀಸರ್?"

"ಟವೆಲ್. ಜಾಲರಿಗೆ ಹಾಕಿದ ಟವೆಲ್."

ಅವರು ಅಗಿಯುವುದನ್ನು ನಿಲ್ಲಿಸಿದರು. ನಾನು ಅಕ್ಕನಿಗೆ ಫೋನು ಮಾಡಿದೆ. ಗಂಟೆ ಬಡಿಯಿತು, ಎತ್ತಲಿಲ್ಲ. ಬಚ್ಚಲಲ್ಲಿದ್ದರೆ ಎತ್ತುವುದು ಹೇಗೆ? ಎತ್ತದೇ ಇರುವುದೇ ಸರಿ. ಹಾಗೆ ಒಂದು ಮನಸ್ಸು ಹೇಳುತ್ತಿರುವಾಗಲೇ ಭಾವ ಓಡತೊಡಗಿದ್ದರು. ಬ್ರೆಡ್ಡು ಕಟ್ಟೆಯ ಮೇಲೆಯೇ ಉಳಿಯಿತು.

ಎಚ್ಚರವಿರುವಾಗಲೇ ನಾನು ಇವತ್ತಿಗೂ ಆ ದಾರಿಯಲ್ಲಿ ಓಡುತ್ತೇನೆ. ಒದ್ದೆಯಾದ ಎಲೆಗಳ ಮೇಲೆ ಕಾಲು ಜಾರುತ್ತದೆ. ಬಿಯರ್ ಪೀಪಾಯಿ ಇಳಿಸುತ್ತಿರುವ ಲಾರಿ ದಾರಿಗೆ ಅಡ್ಡ ನಿಂತಿದೆ, ಅದರ ಪಕ್ಕದಲ್ಲಿ ಅಡ್ಡಡ್ಡವಾಗಿ ನುಸುಳುತ್ತೇನೆ. ಭಾವ ಬೀಗದ ಕೈಯನ್ನು ಒಂದು ಜೇಬಿನಲ್ಲಿ ಹುಡುಕುತ್ತಾರೆ, ಅದು ಇನ್ನೊಂದು ಜೇಬಿನಲ್ಲಿದೆ. ಅಂಗಡಿ ಬೇಗ ತೆರೆದಿದ್ದರೆ ನಾವು ಒಳಗೆ ಸಾಲಿನಲ್ಲಿ ನಿಂತಿರುತ್ತಿದ್ದೆವು. ನನಗೆ ಹಸಿವಾಗಿದ್ದರೆ ಬನ್ನು ತಿಂದಿರುತ್ತಿದ್ದೆ. ಇಂಥ ಯೋಚನೆಗಳಿಗೆ ಕೊನೆಯಿಲ್ಲ.

ಮೇಲೆ ಹೋದಾಗ ನೀರು ಸುರಿಯುವ ಸದ್ದು ಮಾತ್ರ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ. ಭಾವ ಅಕ್ಕನನ್ನು ಹೆಸರು ಹಿಡಿದು ಕೂಗುತ್ತ ಭುಜ ಕೊಟ್ಟು ದೂಡಿದರು, ಎರಡನೆಯ ಪೆಟ್ಟಿಗೆ ಹಲಗೆಯ ಸಮೇತ ಚಿಲಕ ಕಿತ್ತು ಬಂತು. ಅಕ್ಕ ಮೂಲೆಗೆ ಒರಗಿ ಕೂತ ಹಾಗಿದ್ದಳು. ಕೂದಲು ಮುಖದ ಮೇಲೆ, ಕೂದಲಲ್ಲಿ ಸೀಗೆಪುಡಿಯ ಕಂದು ನೊರೆ. ನೀರು ಅವಳ ಕಾಲ ಮೇಲೆ ಬೀಳುತ್ತಿತ್ತು. ಕೂದಲು ಸರಿಸಿದಾಗ ಮುಖ ಕೆಂಪಗೆ, ತುಂಬ ಆರೋಗ್ಯವಾಗಿ ಕಾಣಿಸಿತು. ನನ್ನನ್ನು ಈಗಲೂ ಬಿಡದಿರುವುದು ಅದು. ಅಷ್ಟು ಕಳೆಯಿಂದ ಅವಳ ಮುಖ ಎರಡು ವರ್ಷದಲ್ಲಿ ಕಂಡಿರಲಿಲ್ಲ.

ಭಾವ ಅವಳ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದರು. ನಾನು ನಲ್ಲಿ ನಿಲ್ಲಿಸಿದೆ, ಗ್ಯಾಸಿನ ತಿರುಪು ಸಿಕ್ಕಿದ ಕಡೆಗೆ ತಿರುಗಿಸಿದೆ, ಕಿಟಕಿ ಎತ್ತಿದೆ, ಟೇಪು ಎಳೆದೆ. ಟೇಪು ಬರಲೇ ಇಲ್ಲ. ಅದನ್ನು ಎಷ್ಟು ಚೆನ್ನಾಗಿ ಅಂಟಿಸಿದ್ದೆವು! ಅದನ್ನು ಬಿಟ್ಟು ಅಕ್ಕನ ಕಾಲು ಹಿಡಿದೆ. ಏಣಿಯಂಥ ಆ ಮೆಟ್ಟಿಲಿನಲ್ಲಿ ಭಾವ ಕೆಳಗಿನಿಂದ, ನಾನು ಮೇಲಿನಿಂದ, ಹೊದಿಕೆಯಲ್ಲಿ ಸುತ್ತಿದ ಅವಳನ್ನು ಒಂದೊಂದೇ ಹೆಜ್ಜೆ ಇಳಿಸಿ ಬೀದಿಯ ಕಲ್ಲಿನ ಮೇಲೆ ಮಲಗಿಸಿದೆವು. ಲಾರಿಯ ಚಾಲಕ ತನ್ನ ಜಾಕೆಟ್ಟು ತೆಗೆದು ಅವಳ ತಲೆಯಡಿ ಇಟ್ಟ. ಉಸಿರು ಇತ್ತು. ತುಂಬ ನಿಧಾನವಾಗಿ, ಇನ್ನೊಂದು ಬರುತ್ತದೋ ಇಲ್ಲವೋ ಎನ್ನುವ ಹಾಗೆ.

ತುರ್ತು ಸಂಖ್ಯೆಗೆ ಕರೆ ಮಾಡಿದವಳು ನಾನು. ತಲೆನೋವು, ವಾಂತಿ, ಪ್ರಜ್ಞೆ ಇಲ್ಲ ಎಂದೆ. ಆ ಕಡೆಯ ಹೆಣ್ಣುದನಿ ಮೊದಲು ಕೇಳಿದ್ದು, ಮನೆಯಲ್ಲಿ ಯಾರಿಗಾದರೂ ಕೊರೊನಾ ಇದೆಯೇ ಎಂದು. "ಇಲ್ಲ, ಇದು ಗೀಸರ್" ಎಂದು ಇಂಗ್ಲಿಷಿನಲ್ಲಿ ಚೀರಿದೆ. ಅದೇ ಪದವನ್ನು ಅವಳು ಡಚ್ಚಿನಲ್ಲಿ ಮತ್ತೆ ಹೇಳಿದಳು. ಆಮೇಲೆ ಅವಳ ಪ್ರಶ್ನೆಗಳೇ ಬೇರೆಯಾದವು. ಬಂದ ಅಗ್ನಿಶಾಮಕದವರು ಬೆನ್ನಿಗೆ ಸಿಲಿಂಡರು ಕಟ್ಟಿಕೊಂಡು ಮೆಟ್ಟಿಲು ಹತ್ತಿದರು. ಅವರ ಕೈಯಲ್ಲಿದ್ದ ಯಂತ್ರ ಅರ್ಧ ಮೆಟ್ಟಿಲಿನಲ್ಲೇ ಚೀರತೊಡಗಿತು. ಕಿಟಕಿ ತೆರೆದ ಮೇಲೂ!

ಆಂಬುಲೆನ್ಸಿನವರು ನಮ್ಮಿಬ್ಬರಿಗೂ ಸ್ವಲ್ಪ ಹೊತ್ತು ಆಮ್ಲಜನಕ ಕೊಟ್ಟರು. ಆಸ್ಪತ್ರೆಯ ಒಳಗೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ, ಕೊರೊನಾದ ನಿಯಮ. ಭಾವ ಹೋದರು. ನಾನು ಗಾಜಿನ ಬಾಗಿಲಿನ ಹೊರಗೆ, ಸೈಕಲ್ ನಿಲ್ಲಿಸುವ ಕಡೆಯ ಬೆಂಚಿನಲ್ಲಿ ಕೂತೆ. ಮೈಮೇಲಿಂದ ಇನ್ನೂ ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಅಮ್ಮ ಹಬ್ಬದ ಊಟದ ಫೋಟೋ ಕಳಿಸಿದ್ದಳು, ಬಾಳೆಲೆಯ ಮೇಲೆ ಹೋಳಿಗೆ. "ನಿಮ್ಮದು ಕಳಿಸಿ" ಎಂದು ಕೆಳಗೆ ಬರೆದಿದ್ದಳು. ನಾನು ಫೋನು ಬೋರಲು ಹಾಕಿಟ್ಟೆ. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಯಾರೋ ಮುದುಕ, ಯಾರೋ ಗರ್ಭಿಣಿ, ನೀಲಿ ಅಂಗಿಯ ನರ್ಸುಗಳು. ಒಬ್ಬಳು ಮರುದಿನ ಬರುವುದಾಗಿ ಯಾರಿಗೋ ಕೈ ಬೀಸಿ ಹೋದಳು. ನಾಳೆ ಎನ್ನುವುದೊಂದಿದೆ ಎಂದು ಇವಳಿಗೆ ಇಷ್ಟು ಖಾತ್ರಿ ಹೇಗೆ ಅನ್ನಿಸಿತು.

ಕಡೆಗೆ ಭಾವ ಬಂದರು. ಕಣ್ಣಿನ ಕೆಳಗಿನವರೆಗೆ ಆಸ್ಪತ್ರೆಯ ಬಿಳಿ ಮಾಸ್ಕು. ಬಾಗಿಲಿನಿಂದ ಬೆಂಚಿನವರೆಗೆ ಅವರು ನಡೆದು ಬರುತ್ತಿದ್ದಾಗ ನಾನು ಆ ಮುಖದಲ್ಲಿ ಏನಿದೆಯೆಂದು ಓದಲು ನೋಡಿದೆ. ಕಣ್ಣು ಕೆಂಪಾಗಿತ್ತು. ಅತ್ತ ಕಣ್ಣು. ಅತ್ತದ್ದು ಯಾವುದಕ್ಕೆ? ಎರಡು ವರ್ಷಗಳಲ್ಲಿ ಅರ್ಧ ಮುಖಗಳನ್ನು ಓದುವುದು ಕಲಿತಿದ್ದೇನೆ ಎಂದುಕೊಂಡಿದ್ದೆ, ಕಲಿತಿರಲಿಲ್ಲ. ಹತ್ತಿರ ಬಂದು ಅವರು ಮಾಸ್ಕು ಕಿತ್ತು ತೆಗೆದರು.

"ಹೇಳಿ ಭಾವ."

"ಕಣ್ಣು ಬಿಟ್ಟಳು," ಎಂದರು. "ನನ್ನನ್ನು ನೋಡಿ, ನೀವ್ಯಾಕ್ರೀ ಅಳ್ತಿದೀರ ಅಂತ ಕೇಳಿದಳು ಮಾರಾಯ್ತಿ."

ಅವರು ಬೆಂಚಿನ ಮೇಲೆ ಕುಸಿದರು. ನಾನು ಅವರ ಕೈ ಹಿಡಿದುಕೊಂಡೆ. ಆಕ್ಸಿಮೀಟರಿಗೆ ಬೆರಳು ಕೊಟ್ಟದ್ದು ಬಿಟ್ಟರೆ ನಾವು ಅದುವರೆಗೆ ಒಬ್ಬರ ಕೈ ಒಬ್ಬರು ಮುಟ್ಟಿದವರೇ ಅಲ್ಲ.

ಉಳಿದ ರಜೆಯನ್ನು ಅಕ್ಕ ಆಸ್ಪತ್ರೆಯಲ್ಲಿ ಕಳೆದಳು. ಬಿಡುಗಡೆ ಮಾಡುವಾಗ ವೈದ್ಯೆ ಒಂದು ಮಾತು ಹೇಳಿದರು. ಈ ವಿಷ ಹೋದ ಮೇಲೂ ಕೆಲವರಿಗೆ ಕೆಲವು ವಾರಗಳ ನಂತರ ಮರೆವು, ತಡವರಿಕೆ, ಸಿಡುಕು ಕಾಣಿಸಿಕೊಳ್ಳುತ್ತದೆ. ಎಲ್ಲರಿಗೂ ಅಲ್ಲ. ಬರುವುದಿಲ್ಲವೆಂದೂ ಹೇಳಲಾಗದು. ಗಮನವಿಡಿ.

ಗಮನವಿಟ್ಟೆವು. ಅದೇ ನಮ್ಮ ಕೆಲಸವಾಯಿತು. ಅಕ್ಕ ಸಾರಿಗೆ ಎರಡು ಸಲ ಉಪ್ಪು ಹಾಕಿದ ದಿನ ಭಾವ ಬಚ್ಚಲಿಗೆ ಹೋಗಿ ಅಲ್ಲಿಂದ ನನಗೆ ಸಂದೇಶ ಕಳಿಸಿದರು. ರೈಲ್ವೆ ಕಾರ್ಡು ಎಲ್ಲಿಟ್ಟೆನೆಂದು ಮರೆತ ದಿನ ಇನ್ನೊಂದು. ನಾನು ಫೋನಿನಲ್ಲಿ ಮಾತಿನ ನಡುವೆ ಹಳೆಯ ಸಂಗತಿಗಳನ್ನು ಸುಮ್ಮನೆ ಎಂಬಂತೆ ಕೇಳುತ್ತಿದ್ದೆ. ನಮ್ಮ ಹೈಸ್ಕೂಲಿನ ಎದುರಿನ ಅಂಗಡಿಯವನ ಹೆಸರೇನು, ಚಿಕ್ಕಪ್ಪನ ಮದುವೆ ಯಾವ ಛತ್ರದಲ್ಲಾಯಿತು. ಅವಳು ಹೇಳುತ್ತಿದ್ದಳು. ಒಂದು ದಿನ ಅವಳಿಗೆ ರೇಗಿತು.

"ನನ್ನನ್ನೇನು ಕ್ವಿಜ್ ಮಾಡ್ತಿದೀಯೇನೇ? ಅವ್ರೂ ಹಾಗೇ, ನಾನು ಚಮಚ ಬೀಳಿಸಿದ್ರೆ ಓಡಿ ಬರ್ತಾರೆ. ನಾನು ಮೊದಲಿಂದ್ಲೂ ಮರೆವಿನವಳೇ ಕಣೇ. ಎಸೆಸೆಲ್ಸಿ ಹಾಲ್ ಟಿಕೆಟ್ ಯಾರು ಮರ್ತಿದ್ದು? ಆಗ ಯಾವ ಗೀಸರ್ ಇತ್ತು?"

ಅದು ನಿಜ. ಮರೆತಿದ್ದಳು, ಅಪ್ಪ ಸೈಕಲ್ಲಿನಲ್ಲಿ ಮನೆಗೆ ಹೋಗಿ ತಂದಿದ್ದರು. ಆದರೆ ವೈದ್ಯೆ ಸಿಡುಕು ಎಂದೂ ಹೇಳಿದ್ದರಲ್ಲ, ಈ ಸಿಡುಕು ಮೊದಲಿನದೋ ಹೊಸದೋ? ಹೀಗೆ ಯೋಚಿಸುತ್ತಿದ್ದುದನ್ನು ಅವಳಿಗೆ ಹೇಳಲಾಗಲಿಲ್ಲ.

ವೈದ್ಯೆ ಹೇಳಿದ ವಾರಗಳು ಕಳೆದು ಬಹಳ ಕಾಲವಾಯಿತು. ಮಾಸ್ಕುಗಳೂ ಹೋದವು. ಕಳೆದ ಭಾನುವಾರ ಅವಳು ಫೋನು ಮಾಡಿದಳು. ಮನೆ ಬದಲಾಯಿಸುವ ವಿಷಯ, ಪಕ್ಕದ ಮನೆಯವರ ನಾಯಿಯ ವಿಷಯ, ಭಾವ ಹೊಸದಾಗಿ ಈಜು ಕಲಿಯಲು ಸೇರಿ ಮೊದಲ ದಿನವೇ ಕನ್ನಡಕ ಕಳೆದುಕೊಂಡ ವಿಷಯ. ಮಾತಾಡುತ್ತ ಮಾತಾಡುತ್ತ ಅವಳು ಥಟ್ಟನೆ ನಿಂತಳು.

"ಅದೇ... ನಿಂಗೆ ಏನೋ ಹೇಳ್ಬೇಕೂಂತಿದ್ನಲ್ಲ..."

ಕಿವಿಗೆ ಒತ್ತಿ ಹಿಡಿದ ಫೋನಿನಲ್ಲಿ ಅವಳ ಉಸಿರು ಕೇಳುತ್ತಿತ್ತು. ಇನ್ನೊಂದು ಉಸಿರು. ನಾನು ಸಹಾಯಕ್ಕೆಂದು ಒಂದು ಪದವನ್ನೂ ಕೊಡಲಿಲ್ಲ, ಅದು ತಾನಾಗಿಯೇ ಬರಬೇಕಿತ್ತು.

"ಹಾಂ!" ಎಂದಳು. "ನೀನು ಈಗ ಉಸಿರು ಬಿಗಿಹಿಡ್ಕೊಂಡು ಕೂತಿದೀಯಲ್ಲ, ಅದನ್ನ ಬಿಡು ಮೊದ್ಲು. ಆಮೇಲೆ ನೆನಪು ಮಾಡ್ಕೋತೀನಿ."